ಸಾರು ತುಳುಕದ ಹಾಗೆ

ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಬಂದರೆ ನನಗೆ ಇಡ್ಲಿ ನೆನಪಾಗುತ್ತದೆ. ಇದನ್ನು ಹೇಳಿದಾಗಲೆಲ್ಲ ಮನೆಯವರು ನನ್ನನ್ನು ಒಂದು ಥರ ನೋಡುತ್ತಾರೆ. ನೀವೂ ಈಗ ಹಾಗೇ ನೋಡುತ್ತಿರಬಹುದು. ಸ್ವಲ್ಪ ತಾಳಿ, ಕಾರಣ ಇದೆ.

ಇವತ್ತು ಬೆಳಿಗ್ಗೆ ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಂಬಗಳಿಗೆ ಹಳದಿ ಕಪ್ಪು ಪಟ್ಟೆ ಬಳಿಯುತ್ತಿದ್ದರು. ಕಂಬದ ಈಚೆ ನಾನು, ಆಚೆ ನಮ್ಮ ಕಾರು, ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಕೂತ ಮಗಳು. ಅವಳಿಗೆ ಲೈಸೆನ್ಸ್ ಬಂದು ತಿಂಗಳ ಮೇಲಾಯಿತು. ಅವಳ ಪಕ್ಕದಲ್ಲಿ ಕೂರುವುದನ್ನು ನಾನು ಇಷ್ಟು ದಿನ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಂಡು ಬಂದಿದ್ದೆ: ಬೆನ್ನು ನೋವು, ಮೀಟಿಂಗು, ಒಮ್ಮೆ ಗ್ರಹಣ. ಇವತ್ತು ನೆಪಗಳ ದಾಸ್ತಾನು ಮುಗಿದಿತ್ತು. ಜ್ವರ ಬಂದು ಮಲಗಿದ್ದ ತನ್ನ ಗೆಳತಿಗೆ ತಲುಪಿಸಿ ಬನ್ನಿ ಎಂದು ಹೆಂಡತಿ ಒಂದು ಡಬ್ಬಿ ಸಾರು ನನ್ನ ಕೈಗಿಟ್ಟು, "ಅವಳೇ ಓಡಿಸಲಿ" ಎಂದು ಬಾಗಿಲು ಹಾಕಿಕೊಂಡಿದ್ದಳು.

"ಪಪ್ಪಾ, ಚಲೋ ನಾ," ಎಂದಳು ಮಗಳು ಗಾಜು ಇಳಿಸಿ. "ಎಷ್ಟು ಸಲ ಮೊಬೈಲ್ ನೋಡ್ತೀರಾ? ಅದರಲ್ಲಿ ಕುಛ್ ಭೀ ಬಂದಿಲ್ಲ."

ಕೈಯಲ್ಲಿ ಸಾರು, ಮೂಗಿನಲ್ಲಿ ಥಿನ್ನರ್. ಇವೆರಡೂ ಒಟ್ಟಿಗೆ ಬಂದ ಮೇಲೆ ಹೊಳ್ಳರು ನೆನಪಿಗೆ ಬರದೆ ಇರುತ್ತಾರೆಯೇ?

ಈ ಶತಮಾನ ಇನ್ನೂ ಎಳೆಯದಾಗಿದ್ದಾಗ ನಾನು ದಿಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಬಾಡಿಗೆ ಕಡಿಮೆಯೆಂದು ಘಾಜಿಯಾಬಾದಿನಲ್ಲಿ ಹೊಳ್ಳರ ಮನೆಯ ತಾರಸಿ ಕೋಣೆ ಹಿಡಿದಿದ್ದೆ. ಕುಂದಾಪುರದ ಕಡೆಯ ಹೊಳ್ಳರಿಗೆ ಓಖ್ಲಾದಲ್ಲಿ ಒಂದು ಇಡ್ಲಿ ದೋಸೆಯ ಹೋಟೆಲು. ಮನೆಯ ಕೆಳಗೆ ಶಟರ್ ಹಾಕಿದ ಉದ್ದನೆಯ ಗ್ಯಾರೇಜು. ಅದರ ಅರ್ಧಭಾಗದಲ್ಲಿ ಹೋಟೆಲಿಗೆ ಹಿಟ್ಟು ರುಬ್ಬುವ ಎರಡು ಗ್ರೈಂಡರು, ಉಳಿದರ್ಧದಲ್ಲಿ ಒಂದು ಹಳೆಯ ಕಾಂಟೆಸ್ಸಾ ಕಾರು. ನನ್ನ ಸಂಶೋಧನೆ ಮಧ್ಯಮವರ್ಗದವರ ಆಸೆಗಳ ಕುರಿತಾಗಿತ್ತು. ಅಂಥ ಆಸೆಯೊಂದು ಕೆಳಗೆ ಇಟ್ಟಿಗೆಯ ಮೇಲೆ ಚಕ್ರ ಕಳಚಿಕೊಂಡು ನಿಂತಿದ್ದಾಗ ನಾನು ಮೇಲೆ ಕೂತು ಅದರ ಬಗ್ಗೆ ಪುಸ್ತಕ ಓದುತ್ತಿದ್ದೆ.

ಆ ಕಾರಿನ ಬಣ್ಣ ಕಡುಗೆಂಪು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆಗಿನ ನನ್ನ ದಿನಚರಿ ತೆಗೆದರೆ "ನೇರಳೆ ಕಾರು" ಎಂದಿದೆ. ನಾನೂ ದಿನಚರಿಯೂ ಜಗಳವಾಡುವುದು ಬೇಡವೆಂದು ಬದನೆಕಾಯಿ ಬಣ್ಣ ಎಂಬಲ್ಲಿಗೆ ರಾಜಿ ಮಾಡಿಕೊಂಡಿದ್ದೇವೆ. ಆದರೆ ಮೂತಿ ಉದ್ದವಿತ್ತು, ಎದೆ ಅಗಲವಿತ್ತು, ನಿಂತಲ್ಲೇ ಗುರ್ ಎನ್ನುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಹೊಳ್ಳರು ಅದಕ್ಕೆ ಮೂಲದ್ದಕ್ಕಿಂತ ದೊಡ್ಡ ಎಂಜಿನ್ ಕೂರಿಸಿದ್ದರು, ಅಗಲ ಟೈರು ಹಾಕಿಸಿದ್ದರು, ಹಿಂದೆ ಎರಡು ಹೊಗೆಕೊಳವೆ. ಮೆತ್ತಗೆ ಮಾತಾಡುವ, ಗಿರಾಕಿಯ ಎದುರು ಬೆನ್ನು ಬಗ್ಗಿಸಿ ನಿಲ್ಲುವ ಮನುಷ್ಯನಿಗೆ ಆ ಕಾರಿನಲ್ಲಿ ಕೂತರೆ ಮಾತ್ರ ಕುತ್ತಿಗೆ ನೆಟ್ಟಗಾಗುತ್ತಿತ್ತು.

ಆ ಕಾರಿನಲ್ಲಿ ಅವರ ಹೆಂಡತಿ ಶಾರದಕ್ಕ ಕೂರುತ್ತಿರಲಿಲ್ಲ.

ಯಾಕೆ ಎಂಬುದು ನಾನು ಆ ಮನೆಗೆ ಬರುವ ಮೊದಲಿನ ಕತೆ. ಇಬ್ಬರಿಂದಲೂ ಎಷ್ಟು ಸಲ ಕೇಳಿದ್ದೇನೆಂದರೆ ಈಗ ಕಣ್ಣಾರೆ ಕಂಡಂತೆ ಅನಿಸುತ್ತದೆ. ಅಂಥ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ರೈಲ್ವೆ ಗೋಡೆಯ ಪಕ್ಕದ ಇಳಿಜಾರಿನಲ್ಲಿ ಶಾಲೆಯ ಮಕ್ಕಳನ್ನು ತುಂಬಿಕೊಂಡ ಸೈಕಲ್ ರಿಕ್ಷಾ ಅಡ್ಡ ಬಂದಿದೆ. ಹೊಳ್ಳರು ಬ್ರೇಕು ಒತ್ತಿದ್ದಾರೆ. ಹೊಸ ಎಂಜಿನ್ನಿನ ಉಮೇದಿನಲ್ಲಿ ಹಳೆಯ ಬ್ರೇಕನ್ನು ಅವರು ಮುಟ್ಟಿಯೇ ನೋಡಿರಲಿಲ್ಲ. ಕಾರು ನಿಂತಿಲ್ಲ. ಗೋಡೆಗೆ ತಿರುಗಿಸಿದ್ದಾರೆ. ಮಕ್ಕಳಿಗೆ ಏನೂ ಆಗಲಿಲ್ಲ. ಶಾರದಕ್ಕನ ಹಣೆ ಮುಂದಿನ ಗಾಜಿಗೆ ಬಡಿಯಿತು. ಆ ಗಾಯದ ಗುರುತಿನ ಮೇಲೆಯೇ ಅವರು ಕುಂಕುಮ ಇಡುತ್ತಿದ್ದರು.

"ಓಡುವುದಕ್ಕೆ ಬೇಕಾದ್ದೆಲ್ಲ ಹಾಕಿಸಿದ್ರಿ. ನಿಲ್ಲುವುದಕ್ಕೆ ಎಂತ ಹಾಕಿಸಿದ್ರಿ?" ಎಂದು ಅವತ್ತು ಕೇಳಿದ ಶಾರದಕ್ಕ ಆಮೇಲೆ ಆ ಕಾರು ಹತ್ತಲಿಲ್ಲ. ಹೊಳ್ಳರು ಒಂದು ದಾರಿ, ಅವರು ಒಂದು ದಾರಿ. ಮದುವೆ ಮುಂಜಿಗೆ ಹೊಳ್ಳರು ಕಾರಿನಲ್ಲಿ ಹೋಗುವರು, ಶಾರದಕ್ಕ ಆಟೋದಲ್ಲಿ. ಇಬ್ಬರೂ ಒಂದೇ ಗೇಟಿನಿಂದ ಹೊರಟು ಒಂದೇ ಮಂಟಪದಲ್ಲಿ ಇಳಿಯುವುದು. ಜನ ನಗುತ್ತಿದ್ದರು. ಹೊಳ್ಳರೂ ನಗುತ್ತಿದ್ದರು, ಆದರೆ ಮನೆಗೆ ಬಂದ ಮೇಲೆ ಗ್ಯಾರೇಜಿನ ಶಟರ್ ಎಳೆದುಕೊಂಡು ಕೂರುತ್ತಿದ್ದರು. ಮಕ್ಕಳಿಲ್ಲದ ಮನೆ. ಇರುವ ಇಬ್ಬರು ಒಟ್ಟಿಗೆ ಎಲ್ಲಿಗೂ ಹೋಗುವುದಿಲ್ಲವೆಂದರೆ ಅದೇನು ಸಣ್ಣ ಮಾತಲ್ಲ.

ಆದ್ದರಿಂದ ನಾನು ಬರುವ ಹೊತ್ತಿಗೆ ಹೊಳ್ಳರು ಬ್ರೇಕಿನ ಹಿಂದೆ ಬಿದ್ದಿದ್ದರು. ಮಾಯಾಪುರಿಯ ಗುಜರಿಯಿಂದ ಇನ್ಯಾವುದೋ ಕಾರಿನ ಡಿಸ್ಕ್ ಬ್ರೇಕು ತಂದರು. ಅದು ಕೂರಲಿಲ್ಲ. ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವವನ ಹತ್ತಿರ ಹೋಗಿ ಅದಕ್ಕೆ ಹೊಂದುವ ಪಟ್ಟಿ ಕಡೆಸಿಕೊಂಡು ಬಂದರು. ಕೂತಿತು, ಚಕ್ರ ತಿರುಗಲಿಲ್ಲ. ಮತ್ತೆ ಕಡೆಸಿದರು. ಚಕ್ರದ ಸುತ್ತಲಿನ ತಗಡು ಕತ್ತರಿಸಬೇಕಾಯಿತು. ಕತ್ತರಿಸಿದ ಮೇಲೆ ಬಣ್ಣ ಹೊಡೆಯಬೇಕಲ್ಲ? ಒಂದು ಸಂಜೆ ಶಟರ್ ಮುಚ್ಚಿ, ಧೂಳು ಬಾರದಂತೆ ಕಿಟಕಿಗೂ ಗೋಣಿ ಕಟ್ಟಿ, ಥಿನ್ನರ್ ಬೆರೆಸಿದ ಬಣ್ಣದ ಸ್ಪ್ರೇ ಹೊಡೆದರು. ಅದೇ ಗ್ಯಾರೇಜಿನ ಇನ್ನೊಂದು ಮೂಲೆಯಲ್ಲಿ ಮರುದಿನದ ಇಡ್ಲಿ ಹಿಟ್ಟು, ಮುಚ್ಚಳ ಸರಿಸಿಕೊಂಡು, ಹುಳಿ ಬರಲು ಕೂತಿತ್ತು.

ಮರುದಿನದ ಇಡ್ಲಿ ನೋಡಲಿಕ್ಕೆ ಮಲ್ಲಿಗೆಯ ಹಾಗೇ ಇತ್ತು. ಬಾಯಿಗಿಟ್ಟವರಿಗೆ ಮಾತ್ರ ಹೊಸದಾಗಿ ಬಣ್ಣ ಬಳಿದ ಬಾಗಿಲು ಕಚ್ಚಿದಂತಾಯಿತಂತೆ. ಓಖ್ಲಾದ ಗಿರಾಕಿಗಳು ಮರ್ಯಾದಸ್ಥರು. ಒಬ್ಬರು ಮಾತ್ರ "ಚಟ್ನಿ ಠೀಕ್ ಹೈ" ಎಂದರಂತೆ. ಪಾತ್ರೆಗಟ್ಟಲೆ ಹಿಟ್ಟು ಚರಂಡಿಗೆ ಹೋಯಿತು. ಶಾರದಕ್ಕ ಬೈಯಲಿಲ್ಲ. ಸಂಜೆ ಗ್ರೈಂಡರಿನ ಪಕ್ಕದಿಂದ ಎದ್ದು ಬಂದು ಕಾರಿನ ಬಣ್ಣಕ್ಕೆ ಬೆರಳು ತಾಗಿಸಿ, "ಒಣಗಿದೆ," ಎಂದರು. "ಹುಳಿಯೂ ಬಂದಿದೆಯೋ ಏನೋ, ಆವಿಗೆ ಇಟ್ಟು ನೋಡಿ."

ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವ ಕೆಲಸಕ್ಕೆ ಹೊಳ್ಳರಿಗೆ ಎರಡನೆಯ ಜನ ಬೇಕಾಯಿತು. ನಾನು ಸಿಕ್ಕಿದೆ. ಅವರು ಚಕ್ರದ ಪಕ್ಕ ನೆಲಕ್ಕೆ ಮಲಗಿ ತಿರುಪು ಸಡಿಲಿಸುವುದು, ನಾನು ಒಳಗೆ ಕೂತು ಬ್ರೇಕು ಒತ್ತುವುದು. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಓದಿ ಮುಗಿಯದವನಿಗೆ ಮೊದಲೇ ಕೊಟ್ಟ ಬಿರುದು.

"ಒತ್ತಿ ಮೇಷ್ಟ್ರೇ."

"ಒತ್ತಿದೆ."

"ಹಿಡೀರಿ... ಅಯ್ಯೋ, ಬಿಡಿ ಅನ್ನುವ ಮೊದಲೇ ಬಿಟ್ರಲ್ಲ! ಗಾಳಿ ವಾಪಸ್ ಹೋಯ್ತು. ಎಂತ ಯೋಚನೆ ನಿಮ್ಮದು?"

"ಥೀಸಿಸ್‌ದು."

"ಅದರಲ್ಲೂ ಗಾಳಿ ಹೊಕ್ಕಿರಬೇಕು ಮಾರಾಯ್ರೇ. ಎಷ್ಟು ಒತ್ತಿದರೂ ಮುಂದೆ ಹೋಗ್ತಾ ಇಲ್ಲ." ಕಾರಿನಡಿಯಿಂದಲೇ ಅವರ ಉಪದೇಶ ಮುಂದುವರಿಯಿತು. "ಹಿಟ್ಟಿನಲ್ಲಿ ಗಾಳಿ ಇರಬೇಕು, ಇದರಲ್ಲಿ ಇರಬಾರದು. ಬೇರೆ ಎಲ್ಲ ಒಂದೇ."

ಕೊನೆಗೊಂದು ಭಾನುವಾರ ಬ್ರೇಕು ಕಲ್ಲಿನಂತಾಯಿತು. ಹೊಳ್ಳರು ಕೈ ಒರೆಸಿಕೊಂಡು ಹೆಂಡತಿಯನ್ನು ಕರೆದರು. ಶಾರದಕ್ಕ ಒಳಗಿನಿಂದ ಬರುವಾಗ ತಪ್ಪಲೆ ತುಂಬ ಸಾರು ಹಿಡಿದುಕೊಂಡೇ ಬಂದರು. ದಿಲ್ಲಿಯ ಸುತ್ತಮುತ್ತ ನಮ್ಮವರ ಮನೆಯಲ್ಲಿ ನಾಮಕರಣವಿರಲಿ, ತಿಥಿಯಿರಲಿ, ಸಾರು ಈ ಮನೆಯಿಂದಲೇ ಹೋಗುವುದು ವಾಡಿಕೆ. ಆಟೋದಲ್ಲಿ ತಪ್ಪಲೆ ತೊಡೆಯ ಮೇಲಿಟ್ಟುಕೊಂಡು ಹೋಗಿ ಹೋಗಿ, ಯಾವ ಡ್ರೈವರು ಎಂಥವನು ಎಂಬುದನ್ನು ಅವರು ಸಾರಿನಿಂದಲೇ ಅಳೆಯುತ್ತಿದ್ದರು. ಮುಚ್ಚಳವಿಲ್ಲದ ತಪ್ಪಲೆಯನ್ನು ಹಿಂದಿನ ಸೀಟಿನಲ್ಲಿಟ್ಟು ಹೇಳಿದರು:

"ಗಲ್ಲಿಯ ಆ ತುದಿಗೆ ಹೋಗಿ ಬಂದು ಗೇಟಿನ ಮುಂದೆ ನಿಲ್ಲಿಸಿ. ಇದು ತುಳುಕದಿದ್ದರೆ ನಾನು ಕೂರುವ ಮಾತು."

"ಶಾರದಕ್ಕ, ಬ್ರೇಕು ಗಟ್ಟಿಯಿದ್ದಷ್ಟೂ ಸಾರು ತುಳುಕುತ್ತದೆ. ಅದು ಭೌತಶಾಸ್ತ್ರ," ಎಂದೆ ನಾನು.

"ಹೌದಾ? ಹಾಗಾದರೆ ನೀವು ಹಿಂದೆ ಕೂತು ಹಿಡ್ಕೊಳ್ಳಿ ಮಾರಾಯ್ರೇ. ಶಾಸ್ತ್ರ ಗೊತ್ತಿದ್ದವರು ಇರಲಿ."

ನಾನು ಹಿಂದೆ ಕೂತಿದ್ದೆ ಎಂದೇ ನನ್ನ ನೆನಪು. ದಿನಚರಿಯಲ್ಲಿ ಮಾತ್ರ ಗೇಟಿನ ಹತ್ತಿರ ನಿಂತು ನೋಡಿದೆ ಎಂದು ಬರೆದುಕೊಂಡಿದ್ದೇನೆ, ಬಹುಶಃ ಮರ್ಯಾದೆ ಉಳಿಸಿಕೊಳ್ಳಲು. ಆದರೆ ನನ್ನ ಬಿಳಿ ಅಂಗಿಯ ಎದೆಯ ಮೇಲೆ ಅರಿಸಿನದ ಕಲೆಯೊಂದು ಬಹುಕಾಲ ಇತ್ತು. ಈ ವಿಷಯದಲ್ಲಿ ನಾನು ಅಂಗಿಯನ್ನು ನಂಬುತ್ತೇನೆ. ಹೊಳ್ಳರು ಗೇಟಿನ ಮುಂದೆ ಹೆಮ್ಮೆಯಿಂದ ಒತ್ತಿದರು. ಕಾರು ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು. ಸಾರು ಮುಂದಿನ ಸೀಟಿಗೆ ಹೋಗಿ ಬಡಿದು ನನ್ನ ಮೇಲೆ ವಾಪಸ್ ಬಂತು. ಆರಿದ ಸಾರಾದ್ದರಿಂದ ಬದುಕಿದೆ.

"ಕಾರು ನಿಂತಿತು," ಎಂದರು ಶಾರದಕ್ಕ, ಬಾಗಿ ಒಳಗೆ ನೋಡಿ. "ಸಾರು ನಿಲ್ಲಲಿಲ್ಲ."

ಹೊಳ್ಳರ ಮುಖ ಇಳಿಯಿತು. "ಇಷ್ಟು ಗಟ್ಟಿ ಬ್ರೇಕು ಇಡೀ ಘಾಜಿಯಾಬಾದಿನಲ್ಲಿ ಇಲ್ಲ, ಶಾರದಾ. ಇನ್ನು ಎಂತ ಮಾಡಬೇಕು ನಾನು?"

"ಬ್ರೇಕು ಕಾರಿಗೆ ಹಾಕಿದ್ರಿ. ಕಾಲಿಗೆ ಹಾಕಲಿಲ್ಲ." ಶಾರದಕ್ಕ ಸೆರಗಿನಿಂದ ತಪ್ಪಲೆಯ ಅಂಚು ಒರೆಸುತ್ತ, ನಾನು ಅಲ್ಲಿದ್ದೇನೆ ಎಂಬುದನ್ನು ಮರೆತವರಂತೆ ಮೆಲ್ಲಗೆ ಹೇಳಿದರು. "ನನಗೆ ಕಾರಿನ ಹೆದರಿಕೆ ಅಲ್ಲ. ಅದರಲ್ಲಿ ಕೂತ ಕೂಡಲೇ ನೀವು ಬೇರೆ ಯಾರೋ ಆಗ್ತೀರಿ. ಅವರ ಸಂಗಡ ನನಗೆ ಹೋಗಲಿಕ್ಕೆ ಆಗುವುದಿಲ್ಲ. ಹೋಟೆಲಿನಲ್ಲಿ ಲೋಟಕ್ಕೆ ಕಾಫಿ ಹೊಯ್ಯುವಾಗ ಕೊನೆಗೆ ಕೈ ಹೇಗೆ ಎತ್ತುತ್ತೀರಿ? ಒಂದು ಹನಿ ಹೊರಗೆ ಬೀಳುವುದಿಲ್ಲವಲ್ಲ. ಆ ಮನುಷ್ಯ ಓಡಿಸಿದರೆ ನಾನು ಕೂರುತ್ತೇನೆ."

ಅದುವರೆಗೆ ಅವರಿಬ್ಬರ ಜಗಳ ಒಂದು ಯಂತ್ರದ ಬಗ್ಗೆ ಎಂದೇ ನಾನು ತಿಳಿದಿದ್ದೆ. ಹೊಳ್ಳರೂ ಹಾಗೇ ತಿಳಿದಿದ್ದರೋ ಏನೋ. ಅವರು ಬಹಳ ಹೊತ್ತು ಬಂಪರಿನ ಮೇಲೆ ಕೂತಿದ್ದರು. ಆಮೇಲೆ ಎದ್ದು ಸೀಟು ತೊಳೆದರು.

ಮುಂದಿನ ಭಾನುವಾರಗಳಲ್ಲಿ ನಾವಿಬ್ಬರೂ ಕಾರ್ಖಾನೆ ಮುಚ್ಚಿದ ಓಖ್ಲಾದ ಬೀದಿಗಳಿಗೆ ಹೋಗುತ್ತಿದ್ದೆವು. ಹಿಂದೆ ನನ್ನ ತೊಡೆಯ ಮೇಲಿನ ತಪ್ಪಲೆಯಲ್ಲಿ ನೀರು. ಒತ್ತುವುದು, ನಿಲ್ಲುವ ಕ್ಷಣಕ್ಕೆ ಒಂಚೂರು ಕಾಲು ಎತ್ತುವುದು. ಮೊದಮೊದಲು ಕಾಲು ಎತ್ತುವುದೆಂದರೆ ಅವರಿಗೆ ಆ ರಿಕ್ಷಾ ನೆನಪಾಗುತ್ತಿತ್ತು, ಬೆವರುತ್ತಿದ್ದರು. "ನಾನು ಕಾಫಿ ಹೊಯ್ಯುತ್ತಿದ್ದೇನೆ, ಕಾಫಿ ಹೊಯ್ಯುತ್ತಿದ್ದೇನೆ," ಎಂದು ಗೊಣಗಿಕೊಳ್ಳುತ್ತ ಓಡಿಸುವ ಅವರನ್ನು ನೋಡಿ ಒಬ್ಬ ಚೌಕಿದಾರ ಹತ್ತಿರ ಬಂದು, "ಸಾಬ್, ತಬಿಯತ್ ಠೀಕ್ ಹೈ?" ಎಂದು ಆರೋಗ್ಯ ವಿಚಾರಿಸಿದ. ನನ್ನ ಪ್ಯಾಂಟು ಪ್ರತಿ ವಾರ ಸ್ವಲ್ಪ ಕಡಿಮೆ ಒದ್ದೆಯಾಗುತ್ತ ಬಂತು.

ಶಾರದಕ್ಕನ ತಂಗಿ ಗ್ರೇಟರ್ ನೋಯ್ಡಾದಲ್ಲಿ ಹೊಸ ಫ್ಲ್ಯಾಟು ಕೊಂಡು ಗೃಹಪ್ರವೇಶ ಇಟ್ಟುಕೊಂಡರು. ಸಾರು ಇಲ್ಲಿಂದ ಹೋಗಬೇಕು. ಹೋಟೆಲಿನ ವ್ಯಾನು ಅವತ್ತೇ ಕೆಟ್ಟಿತು. ಅಷ್ಟು ದೂರವೆಂದರೆ ಆಟೋದ ಭಯ್ಯಾಗಳು ಬರುವುದಿಲ್ಲವೆಂದು ತಲೆಯಾಡಿಸಿಬಿಟ್ಟರು. ಗೇಟಿನಲ್ಲಿ ತಪ್ಪಲೆ ಹಿಡಿದು ನಿಂತ ಶಾರದಕ್ಕನ ಮುಂದೆ ಹೊಳ್ಳರು ಕಾರು ತಂದರು. ಇಳಿದು ಹಿಂದಿನ ಬಾಗಿಲು ತೆರೆದು ನಿಂತರು. ಗಿರಾಕಿಯ ಎದುರು ನಿಲ್ಲುವ ಅದೇ ಭಂಗಿ.

"ನನಗಲ್ಲ. ಸಾರು ಹೋಗಬೇಕಲ್ಲ," ಎಂದು ಶಾರದಕ್ಕ ಹತ್ತಿದರು. ಕಾರು ಹೊರಟ ಕೂಡಲೇ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟರು.

ನಾನು ಮುಂದೆ ಹೊಳ್ಳರ ಪಕ್ಕ ಕೂತಿದ್ದೆ. ರೈಲ್ವೆ ಗೋಡೆಯ ಇಳಿಜಾರು ಬಂತು. ಅಡ್ಡದಾರಿಯಿಂದ ರಿಕ್ಷಾ ಒಂದು ನುಗ್ಗಿತು. ಮಕ್ಕಳಿದ್ದವೋ ಇಲ್ಲವೋ, ಅದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಕತೆ ಚೆನ್ನಾಗಿರಲೆಂದು ನನ್ನ ನೆನಪೇ ಮಕ್ಕಳನ್ನು ಹತ್ತಿಸಿರಬಹುದು. ಹೊಳ್ಳರ ಕಾಲು ಒತ್ತಿತು, ಒತ್ತಿತು, ಕೊನೆಗೆ ಕಾಫಿಯ ಧಾರೆ ಕಡಿಯುವಂತೆ ಮೇಲೆದ್ದಿತು. ಕಾರು ನಿಂತಿತು. ನಾನು ತಿರುಗಿ ನೋಡಿದೆ. ಸಾರು ತಪ್ಪಲೆಯ ಅಂಚಿನವರೆಗೆ ಬಂದು, ಅಲ್ಲಿ ಒಂದು ಕ್ಷಣ ನಿಂತು, ಹಿಂದಕ್ಕೆ ಹೋಯಿತು.

ಶಾರದಕ್ಕ ಪಕ್ಕದಲ್ಲಿದ್ದ ಮುಚ್ಚಳ ತೆಗೆದುಕೊಂಡು ತಪ್ಪಲೆಗೆ ಮುಚ್ಚಿದರು. ಸೀಟಿಗೆ ಒರಗಿದರು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದರು.

"ಮಲಗಿದಳಾ?" ಎಂದು ಹೊಳ್ಳರು ಪಿಸುಗುಟ್ಟಿದರು. ಹೌದೆಂದು ತಲೆಯಾಡಿಸಿದೆ. ಅವರು ಉಸಿರು ಬಿಟ್ಟದ್ದು ಎಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. ಅಲ್ಲಿಂದ ಮುಂದೆ ಆ ದೊಡ್ಡ ಎಂಜಿನ್ನಿನ ಕಾರನ್ನು ಎಷ್ಟು ನಿಧಾನ ಓಡಿಸಿದರೆಂದರೆ ಕಬ್ಬಿನ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿದವು. ನಾವು ತಲುಪುವಾಗ ಸಾರಿಗೆ ಕಾದು ಕಾದು ಸಾಕಾಗಿ ಅಲ್ಲಿ ಪಾಯಸ ಬಡಿಸಿಬಿಟ್ಟಿದ್ದರು. ಗಂಡ ಹೆಂಡತಿ ಒಂದೇ ಕಾರಿನಿಂದ ಇಳಿದದ್ದನ್ನು ನೋಡುವ ಗಡಿಬಿಡಿಯಲ್ಲಿ ಯಾರೂ ಬೈಯಲಿಲ್ಲ.

ನಿಜಕ್ಕೂ ನಿದ್ದೆ ಬಂದಿತ್ತೇ ಎಂದು ನಾನು ಆಮೇಲೊಮ್ಮೆ ಶಾರದಕ್ಕನನ್ನು ಕೇಳಿದ್ದುಂಟು. "ಇಲ್ಲಪ್ಪ. ಸುಮ್ಮನೆ ಕಣ್ಣು ಮುಚ್ಚಿದ್ದೆ," ಎಂದರು. ಆ ಉತ್ತರ ನನಗೆ ಅರ್ಥವಾಗಿರಲಿಲ್ಲ. ನಿದ್ದೆ ಬಾರದಿದ್ದರೆ ಕಣ್ಣು ಯಾಕೆ ಮುಚ್ಚಬೇಕು?

"ಪಪ್ಪಾ!"

ಕಂಬದ ಮರೆಯಿಂದ ಹೊರಬಂದು ಕಾರಿನೊಳಗೆ ಕೂತೆ. ಬೆಲ್ಟು ಕಟ್ಟಿದೆ. ಡಬ್ಬಿಯ ಮುಚ್ಚಳಕ್ಕೆ ನನ್ನ ಕೈ ಹೋಯಿತು, ತೆಗೆದು ನೋಡೋಣವೇ ಎಂದು. ಮಗಳು ಕನ್ನಡಿ ಸರಿಮಾಡಿಕೊಳ್ಳುತ್ತ ತುಟಿ ಕಚ್ಚಿದ್ದಳು. ಸರಿಯಾದ ಕನ್ನಡಿಯನ್ನು ಮತ್ತೊಮ್ಮೆ ಸರಿಮಾಡಿದಳು. ನಾನು ಮುಚ್ಚಳವನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ, ಡಬ್ಬಿಯನ್ನು ಕಾಲ ಬಳಿ ಇಟ್ಟುಬಿಟ್ಟೆ.

ಮೊದಲ ಸಿಗ್ನಲ್ಲಿನಲ್ಲಿ ಅವಳು ನಿಲ್ಲಿಸಿದಾಗ ಕಾರು ಒಂದು ಸಲ ತಲೆದೂಗಿತು. ನನ್ನ ಬಲಗಾಲು, ಬ್ರೇಕೇ ಇಲ್ಲದ ಜಾಗದಲ್ಲಿ, ಒತ್ತಿಕೊಂಡೇ ಇತ್ತು. ಎರಡನೆಯ ಸಿಗ್ನಲ್ಲಿನ ಹೊತ್ತಿಗೆ ಕಾಲನ್ನು ಎತ್ತಿ ಪಕ್ಕಕ್ಕಿಟ್ಟುಕೊಂಡೆ. ಸೀಟಿಗೆ ಒರಗಿದೆ.

"ಪಪ್ಪಾ, ಸೋ ಗಯೇ ಕ್ಯಾ? ನಿದ್ದೆ ಬಂತಾ?"

"ಇಲ್ಲ ಪುಟ್ಟಾ, ಸುಮ್ಮನೆ," ಎಂದೆ. ಕಣ್ಣು ತೆರೆಯಲಿಲ್ಲ.