ಶುಕ್ರವಾರಗಳ ಕಾದಂಬರಿ

ಒಂದು ಕಾದಂಬರಿಯ ಕೊನೆಯನ್ನು ನಾನು ನನ್ನ ಹೆಂಡತಿಗೆ ಸುಳ್ಳು ಮಾಡಿ ಓದಿದೆ. ಅವಳು ಊರಿಗೆ ಹೊರಟುಹೋಗಬಾರದು ಎಂಬುದೊಂದೇ ಅದಕ್ಕೆ ಕಾರಣ.

ಆಗ ನಾವು ಮಸ್ಕತ್ತಿನಲ್ಲಿದ್ದೆವು. ನಾನು ಹಾರ್ಡ್‌ವೇರ್ ಅಂಗಡಿಯೊಂದರ ಗೋದಾಮು ನೋಡಿಕೊಳ್ಳುತ್ತಿದ್ದೆ. ಮೊದಲ ಕೆಲವು ವರ್ಷ ಆರೇಳು ಗಂಡಸರ ಜೊತೆ ಒಂದೇ ಕೋಣೆಯಲ್ಲಿ ಮಲಗಿ, ಅಡುಗೆಗೆ ಪಾಳಿ ಹಚ್ಚಿಕೊಂಡು ಬದುಕಿದ್ದೆ. ಫ್ಯಾಮಿಲಿ ವೀಸಾ ಸಿಕ್ಕ ಕೂಡಲೇ ಹೆಂಡತಿಯನ್ನೂ ಸಣ್ಣ ಮಗಳನ್ನೂ ಕರೆಸಿಕೊಂಡೆ. ಹೆಂಡತಿಯ ತವರು ಜೇವರ್ಗಿ ಕಡೆಯ ಅಂದೋಲಾ. ಅಲ್ಲಿ ಅವಳ ತಾಯಿ ಮಗನ ಮನೆಯಲ್ಲಿದ್ದರು. ತಾಯಿಯನ್ನು ಬಿಟ್ಟು ಅವಳು ಬಂದದ್ದು ಅರೆಮನಸ್ಸಿನಿಂದಲೇ.

ಆ ಕಾದಂಬರಿ ನನ್ನ ಹಳೆಯ ಕೋಣೆಯಲ್ಲಿ ಸಿಕ್ಕಿತ್ತು. ಊರಿಗೆ ಮರಳಿದವರು ಯಾರೋ ಬಿಟ್ಟುಹೋಗಿದ್ದರು. ನರೋಣಾದ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಕನ್ನಡ ಓದಿದ ನನಗೆ ಅದು ಬಹಳ ಕಠಿಣವಾದ ಪುಸ್ತಕ. ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯುವಷ್ಟರಲ್ಲಿ ಆ ಮನುಷ್ಯ ಎಂದೋ ಸತ್ತವನು ಎಂದು ಗೊತ್ತಾಗುತ್ತಿತ್ತು. ಹೆಂಡತಿ ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಮಾತು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಅಕ್ಷರ ಮಾತ್ರ ಬಾರದು. ಹಾಗಾಗಿ ಶುಕ್ರವಾರ ನಮಾಜು, ಊಟ ಮುಗಿದ ಮೇಲೆ ನಾನು ಗಟ್ಟಿಯಾಗಿ ಓದುವುದು, ಅವಳು ಕೇಳುವುದು.

"ಈಗ ಮಾತಾಡಾಕತ್ತಾಂವ ಯಾರ್ರಿ? ಅಪ್ಪನೋ ಮಗನೋ?"

"ತಡಿ ಬೇ, ಮುಂದ ಗೊತ್ತಾಗ್ತದ."

"ಮುಂದ ಮುಂದ ಅನ್ಕೋತ ಅರ್ಧಾ ಪುಸ್ತಕ ಮುಗೀತು. ನಿಮಗೂ ತಿಳಿದಿಲ್ಲ ಅಂತ ಹೇಳ್ರಲ್ಲ!"

ಮದುವೆಯಾಗಿ ಹೊಳೆಯಾಚೆಯ ಪಟ್ಟಣಕ್ಕೆ ಬಂದ ಹೆಂಗಸಿನ ಕತೆ ಅದು. ತಿರುಗಿ ಹೋಗಬೇಕು ಎಂದು ಅವಳು ಪುಸ್ತಕದುದ್ದಕ್ಕೂ ಹಂಬಲಿಸುತ್ತಾಳೆ. ಹೊಳೆಯ ಮಾತು ಬಂದಾಗಲೆಲ್ಲ ನನ್ನ ಹೆಂಡತಿ, "ನಮ್ಮ ಸೊನ್ನದ ಬ್ಯಾರೇಜಿನ ಹೊಳಿಯಂಗ ಅದ ನೋಡ್ರಿ" ಎನ್ನುತ್ತಿದ್ದಳು. ಬರೆದವರ ಮನಸ್ಸಿನಲ್ಲಿ ಯಾವ ಹೊಳೆಯಿತ್ತೋ, ನಮ್ಮ ಕೋಣೆಯಲ್ಲಿ ಹರಿದದ್ದು ಭೀಮೆಯೇ.

ಒಂದು ಚಳಿಗಾಲದಲ್ಲಿ ಅವಳ ತಾಯಿಯ ಫೋನು ಬಂತು. ಎಳೆಯ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳು. "ಸೀತನಿ ಬಂದದ ಬೇಟಿ, ಯಾವಾಗ ಬರ್ತಿ?" ಎಂದರು. ಫೋನು ಇಟ್ಟ ಮೇಲೆ ಹೆಂಡತಿ ನನ್ನ ಮುಖ ನೋಡದೆ ಹೇಳಿದಳು: "ನಾ ಮಗಳನ್ನ ಕರ್ಕೊಂಡು ಊರಿಗಿ ಹೋಗ್ತೇನಿ. ಅಮ್ಮಿಗಿ ವಯಸ್ಸಾತು. ನೀವು ರಜಾದಾಗ ಬರ್ರಿ."

ಅವಳು ಹೋದರೆ ನಾನು ಮತ್ತೆ ಆ ಗಂಡಸರ ಕೋಣೆಗೇ ಮರಳಬೇಕು. "ಪುಸ್ತಕ ಮುಗಿಸೇ ಹೋಗು" ಎಂದೆ.

ಕೊನೆಯ ಪುಟಗಳನ್ನು ನಾನು ಮೊದಲೇ ನೋಡಿಕೊಂಡಿದ್ದೆ. ಇಡೀ ಪುಸ್ತಕದಲ್ಲಿ ನನಗೆ ಚೆನ್ನಾಗಿ ಅರ್ಥವಾದದ್ದು ಅಷ್ಟೇ: ಆ ಹೆಂಗಸು ಹೊಳೆ ದಾಟಿ ಊರಿಗೆ ಹೋಗುತ್ತಾಳೆ. ಶುಕ್ರವಾರ ನನ್ನ ಕಣ್ಣು ಅಕ್ಷರದ ಮೇಲಿತ್ತು, ಬಾಯಿ ಬೇರೆ ಹೇಳಿತು. ಹೆಂಗಸು ದಂಡೆಗೆ ಬಂದಳು, ದೋಣಿ ನೋಡಿದಳು, ಮನೆಗೆ ಮರಳಿ ಒಲೆ ಹಚ್ಚಿದಳು ಎಂದೆ.

"ಹೋಗ್ಲೇ ಇಲ್ಲೇನ್ರಿ ಆಕಿ?"

"ಇಲ್ಲ."

"ಮತ್ತ ತಾಯಿ?"

"ಗಂಡನ ಕೂಡ ಇರು ಅಂತ ತಾಯಿನೇ ಹೇಳಿ ಕಳಿಸಿದ್ಳು."

ಇದನ್ನೂ ನಾನೇ ಸೇರಿಸಿದ್ದು. ಅವಳು "ಹಂಗಾರ ನಾನೂ ಇರ್ತೇನಿ ಬಿಡ್ರಿ" ಎಂದು ನಕ್ಕಳು. ನಾನೂ ನಕ್ಕೆ. ಬರೀ ಪುಸ್ತಕ ಕೇಳಿ ಅವಳು ಉಳಿದಳೆಂದು ನಾನು ನಂಬುವುದಿಲ್ಲ. ಆದರೆ ಹೋಗಲೋ ಇರಲೋ ಎಂದು ತೂಗುತ್ತಿದ್ದವಳನ್ನು ಈ ಕಡೆ ಎಳೆದುಕೊಂಡವನು ನಾನು.

ಮುಂದಿನ ಚಳಿಗಾಲದಲ್ಲಿ ಅವಳ ತಾಯಿ ತೀರಿಕೊಂಡರು. ನಾವು ಅಂದೋಲಾ ತಲುಪುವ ಹೊತ್ತಿಗೆ ಗೋರಿಯ ಮೇಲಿನ ಮಣ್ಣು ಒಣಗಿತ್ತು.

ಈಗ ನಾವು ಮಸ್ಕತ್ತು ಬಿಟ್ಟು ಬಂದು ಅಫಜಲಪುರದಲ್ಲಿದ್ದೇವೆ. ಮಗಳು ಆಳಂದದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ, ಆಗಾಗ ಬರುತ್ತಾಳೆ. ಮೊನ್ನೆ ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಗ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರ ಕೆಳಗಿಟ್ಟು, "ಪುಸ್ತಕ ಅದನೋ ಇಲ್ಲೋ? ಈಗ ಖರೇ ಓದ್ರಿ" ಎಂದಳು.

ಪುಸ್ತಕ ಹುಡುಕಿ ತಂದು ಓದಿದೆ. ಹೆಂಗಸು ಹೊಳೆ ದಾಟುತ್ತಾಳೆ, ದಂಡೆ ಹತ್ತುತ್ತಾಳೆ, ತವರಿನ ಬಾಗಿಲು ಬಡಿಯುತ್ತಾಳೆ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ.

"ಬಾಗಿಲಾ ಯಾರು ತಗದ್ರು? ತಾಯಿ ಇದ್ಳೇನ್ರಿ?"

"ಅದನ್ನ ಬರದಿಲ್ಲ ಬೇ."

"ಬರೀದಿದ್ರೇನಾತು? ಆವಾಗ ಬರೀಲಾರದ್ದೆಲ್ಲ ಛಲೋ ಹೇಳಿದ್ರಲ್ಲ. ಇದನ್ನೂ ಹೇಳ್ರಿ."

ಅವಳು ನನ್ನನ್ನೇ ನೋಡುತ್ತ ಕುಳಿತಳು. ತಾಯಿ ಬಂದು ಬಾಗಿಲು ತೆಗೆದಳು ಎನ್ನಬೇಕು, ಅಷ್ಟೇ. "ತಾಯಿ..." ಎಂದೆ. ಅಷ್ಟಕ್ಕೇ ನಿಲ್ಲಿಸಿ ಪುಸ್ತಕ ಮುಚ್ಚಿದೆ.

"ಇರ್ಲಿ, ನಾಳಿ ಹೇಳ್ರಿ" ಎಂದು ಅವಳು ಮೊರ ಎತ್ತಿಕೊಂಡಳು.