ನನ್ನ ಹೆಂಡತಿಯ ರೋಗಾಣು

ನನ್ನ ಹೆಂಡತಿ ಗದಗಿನಿಂದ ದಿನಾ ರೈಲು ಹತ್ತಿ ಧಾರವಾಡದ ಪ್ರಯೋಗಾಲಯಕ್ಕೆ ಹೋಗುತ್ತಾಳೆ. ಕರುಳಿನ ಒಂದು ರೋಗಾಣುವಿನ ಮೇಲೆ ಅವಳ ಸಂಶೋಧನೆ. ಅದನ್ನು ‘ನಮ್ಮದು’ ಎನ್ನುತ್ತಾಳೆ. ಅಂದರೆ ಅವಳದು ಮತ್ತು ಅಲ್ಲಿ ಜೊತೆಗೆ ಕೆಲಸ ಮಾಡುವ ಗಂಡಸೊಬ್ಬನದು. ಇಲ್ಲೇ ಬೆಟಗೇರಿಯ ಮಗ್ಗದಲ್ಲಿ ಕೂತ ನನ್ನನ್ನು ಕೇಳುವವರಾರು? ಸಂಜೆ ಫೋನಿನಲ್ಲಿ ಅವನೊಡನೆ ಪ್ರೋಟೀನಿನ ಮಾತಾಡುತ್ತ ಅವಳು ನಗುತ್ತಾಳೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತದೆ.

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: “ಅಷ್ಟ ನಗೂವಂಥಾದ್ದು ಏನ್ ಮಾಡತೈತಿ ನಿಮ್ಮ ರೋಗಾಣು?”

ಆಗ ನಾನು ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ, ಅಂದರೆ ಉದ್ದನೂಲಿನ, ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು.

“ಈ ತುದಿಗೆ ಯಾರರ ಮೊದಲ ಮೇಣ ಹಚ್ಚಿಟ್ರ?”

“ಎಳಿ ಕೂಡೂದಿಲ್ಲ.”

“ಅಷ್ಟರಿ. ರೋಗ ಬಂತು ಅನ್ನೋ ಖಬರ ಜೀವಕೋಶದಾಗ ಮುಂದ ದಾಟಬೇಕಂದ್ರ ಒಂದು ಪ್ರೋಟೀನಿಗೆ ಫಾಸ್ಫೇಟ್ ಬಂದು ಕೂಡಬೇಕು. ನಮ್ಮದು ಅದ ಜಾಗಾಕ್ಕ ಮೊದಲ ಅಸಿಟೈಲ್ ಅನ್ನೋ ಚೂರು ಅಂಟಿಸಿಬಿಡತೈತಿ. ಖಬರ ಅಲ್ಲೇ ನಿಲ್ಲತೈತಿ.”

ನನಗೆ ತಿಳಿಯಿತು, ಬೇಕಾದ್ದಕ್ಕಿಂತ ಹೆಚ್ಚೇ ತಿಳಿಯಿತು. ನನ್ನ ಜಾಗದಲ್ಲಿ ಬಂದು ಕೂತವನು ಯಾರೆಂಬುದೂ ಕಂಡಿತು.

“ಚಲೋ ಆತು, ಇಬ್ರೂ ಕೂಡಿ ಸಾಕ್ರಿ ಅದನ್ನ,” ಎಂದು ಚುಚ್ಚಿದೆ. ಅದೇ ಸಿಟ್ಟಿನಲ್ಲಿ, ಪಕ್ಕದಲ್ಲಿದ್ದ ಚುರುಮುರಿ ಗಿರಮಿಟ್ಟಿನ ತಟ್ಟೆಗೆ ಕೈ ಹಾಕಿ ತಿಂದೆ. ಬೂದಿ ಹಚ್ಚಿದ ಕೈಗೆ ಮೈಲಿಗೆಯಿಲ್ಲ, ತೊಳೆಯಬೇಕಿಲ್ಲ ಎಂಬುದು ನಮ್ಮ ಓಣಿಯ ನೇಕಾರರ ನಂಬಿಕೆ.

ಮುಂದೆ ಜ್ವರ, ರಕ್ತಭೇದಿ. ಗದಗಿನ ದವಾಖಾನೆಯಲ್ಲಿ ಮಲಗಿಸಿದರು. ಅವಳು ರಜೆ ಹಾಕಿ ಮಂಚದ ಬದಿ ಬಿಟ್ಟು ಕದಲಲಿಲ್ಲ. ಅಷ್ಟು ಬೇನೆಯಲ್ಲೂ ನನಗೆ ಒಳಗೊಳಗೇ ಖುಷಿ. ಈಗ ಅವನು ಧಾರವಾಡದಲ್ಲಿ ಒಬ್ಬನೇ ಕೂತಿರಲಿ.

“ಏನೂ ಆಗೂದಿಲ್ಲರಿ, ಸುಮ್ಮನ ಮಲಕೋರಿ,” ಎನ್ನುತ್ತಿದ್ದಳು. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಓದಿದವಳು, ಗಟ್ಟಿ ಎದೆಯವಳು ಎಂದುಕೊಂಡೆ.

ತಪಾಸಣೆಯ ವರದಿ ಬಂದ ಕೂಡಲೇ ಧಾರವಾಡದ ಅವನಿಗೆ ಫೋನು ಹಚ್ಚಿ ವರಾಂಡಕ್ಕೆ ಹೋದಳು. ಕಿಟಕಿ ತೆರೆದಿತ್ತು.

“ನಮ್ಮದಲ್ಲಂತರಿ ಸರ, ಬ್ಯಾರೇ ರೋಗಾಣು,” ಎನ್ನುವಾಗ ಅವಳ ದನಿ ಒಡೆಯಿತು. “ನಮ್ಮದು ಒಳಗ ಏನೇನ ಮಾಡತೈತಿ ಅಂತ ಗೊತ್ತಿದ್ದಕ್ಕ, ನನ್ನ ಕೈಲಿಂದನ ಮನಿಗೆ ಬಂತೇನೋ ಅಂತ ಹೆದರಿದ್ದೆ. ರಾತ್ರಿ ಫೋನಿನಾಗ ನಿಮ್ಮ ಮುಂದ ಅತ್ತು ಹಗುರಾದೆ. ಇವರ ಮುಂದ ಅಳಾಕ ಆಗಲಿಲ್ಲ.”

ಒಳಗೆ ಬಂದು, “ಔಷಧಕ್ಕ ಜಗ್ಗತೈತಂತರಿ, ಆರಾಮಾಗ್ತೀರಿ,” ಎಂದಳು.

ಹೂಂ ಎಂದೆ. ನನಗಾಗಿ ಅತ್ತ ಅಳುವೂ ಅವನಿಗೇ ಹೋಗಿತ್ತು. ಗೋಡೆಯ ಕಡೆ ಹೊರಳಿ ಮಲಗಿದೆ.