ಗಡಿಯಾರಕ್ಕೊಂದು ಹಾಸಿಗೆ

ಹಾಸಿಗೆ, ದಿಂಬು ಹೊಲಿಯುವ ಅವಳಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಹತ್ತಿಯಕ್ಕ. ಸಂಜೆ ಅಂಗಡಿ ಬಾಗಿಲು ಹಾಕಿ, ಮೆಟ್ಟಿಲು ಹತ್ತಿ ಮನೆಗೆ ಬಂದರೆ ಹುಬ್ಬಿನಲ್ಲೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಬಂದ ನಗುವನ್ನು ತಡೆದುಕೊಳ್ಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಒಂದು ದಿನ ಅತ್ತೆಯ ಗೋಡೆ ಗಡಿಯಾರ ಕೆಟ್ಟು ನಿಂತಿತು. ಊರಿನಲ್ಲಿ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ದೂರದ ಪಟ್ಟಣದ ರಿಪೇರಿಯವರೊಬ್ಬರು ಫೋನಿನಲ್ಲಿ, "ಕಳಿಸಿ ತಾಯಿ. ಆದ್ರೆ ಲೋಲಕ ಬಿಚ್ಚಿ ಬೇರೆ ಸುತ್ತಿ. ಗಂಟೆ ಹೊಡೆಯೋ ಸುತ್ತಿಗೆ ಅಲ್ಲಾಡದ ಹಾಗೆ ಕಾಗದ ತುರುಕಿ. ಡಬ್ಬದೊಳಗೆ ಇನ್ನೊಂದು ಡಬ್ಬ ಇರ್ಲಿ" ಎಂದರು.

"ಮೆತ್ತಗೆ ಮಲಗಿಸೋದನ್ನ ನನಗೆ ಹೇಳ್ಕೊಡ್ತಾರಾ?" ಎಂದು ಹತ್ತಿಯಕ್ಕ ಒಂದೇ ಡಬ್ಬಕ್ಕೆ ಹಿಂಜಿದ ಹತ್ತಿ ತುಂಬತೊಡಗಿದಳು.

ಅತ್ತೆ ಅಡ್ಡ ನಿಂತರು. "ನಿಮ್ಮ ಮಾವ ಆಸೆಪಟ್ಟು ತಂದಿದ್ದು ಅದು. ದಾರೀಲಿ ಎತ್ತಿ ಎಸೆದ್ರೆ? ಮೊದ್ಲು ಒಂದು ಮೊಟ್ಟೆ ಇಟ್ಟು ಬೀಳಿಸಿ ತೋರ್ಸು."

"ಬೀಳಿಸೋಣ, ಅದಕ್ಕೇನಂತೆ!"

ಗಂಡ ಬಾಲ್ಕನಿಯಿಂದ ಡಬ್ಬ ಬಿಟ್ಟ. ಕೆಳಗೆ ನಿಂತಿದ್ದ ಹತ್ತಿಯಕ್ಕ ಗೆದ್ದವಳ ಹಾಗೆ ಬಿಚ್ಚಿದರೆ ಹತ್ತಿಯೆಲ್ಲ ಹಳದಿ. ಸಡಿಲವಾಗಿದ್ದ ಹತ್ತಿಯಲ್ಲಿ ಮೊಟ್ಟೆ ಜಾರಿ ತಳ ಸೇರಿಬಿಟ್ಟಿತ್ತು. ಮುಖ ಸಪ್ಪೆಯಾಗಬೇಕಾದವಳು ಕಿಸಕ್ಕನೆ ನಕ್ಕಳು. ಮೇಲಿಂದ ಅತ್ತೆಯೂ ನಕ್ಕರು. "ಇನ್ನೊಂದು ತಾರೇ!"

ಎರಡನೆಯದೂ ಒಡೆಯಿತು. "ಸಾಕು, ನಾಳೆ ತಿನ್ನೋಕೆ ಏನೂ ಉಳಿಯಲ್ಲ" ಎಂದ ಗಂಡನನ್ನು ಪಕ್ಕಕ್ಕೆ ತಳ್ಳಿ ಅತ್ತೆಯೇ ಬಾಲ್ಕನಿ ಹಿಡಿದರು. "ಎಲ್ರೂ ದೂರ ಸರೀರಪ್ಪಾ!" ಎದುರು ಅಂಗಡಿಯ ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದ.

ಈ ಸಲ ಹತ್ತಿಯಕ್ಕ ಹಟಕ್ಕೆ ಬಿದ್ದು ಪುಟ್ಟಪುಟ್ಟ ದಿಂಬುಗಳನ್ನು ಬಿಗಿಯಾಗಿ ಹೊಲಿದು, ಸಂದಿಲ್ಲದಂತೆ ಒತ್ತಿ, ಡಬ್ಬದೊಳಗೆ ಡಬ್ಬ ಇಟ್ಟಿದ್ದಳು. ಅಲ್ಲಾಡಿಸಿದರೆ ಸದ್ದಿಲ್ಲ. ಡಬ್ಬ ಧೊಪ್ಪೆಂದು ಬಿತ್ತು. ಒಳಗಿನ ಮೊಟ್ಟೆಗೆ ಕೂದಲೆಳೆಯಷ್ಟೂ ಬಿರುಕಿರಲಿಲ್ಲ! ಇಸ್ತ್ರಿಯವನು ಸಿಳ್ಳೆ ಹಾಕಿದ. ಮಂಡಿನೋವಿನ ಅತ್ತೆ ಮೆಟ್ಟಿಲನ್ನು ಹೇಗೆ ಇಳಿದು ಬಂದರೋ ಅವರಿಗೇ ಗೊತ್ತಾಗಲಿಲ್ಲ.

ಗಡಿಯಾರವನ್ನೂ ಹಾಗೇ ಮಲಗಿಸಿ ಮೂವರೂ ಕೊರಿಯರ್ ಆಫೀಸಿಗೆ ಹೊತ್ತೊಯ್ದರು.

"ಒಡೆಯೋ ವಸ್ತುನಾ?" ಗುಮಾಸ್ತ ಕೇಳಿದ.

"ಈಗ ಅಲ್ಲ" ಎಂದಳು ಹತ್ತಿಯಕ್ಕ. ಮೂವರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಅವನು ಪಿಳಿಪಿಳಿ ನೋಡಿದ.

ವಾರ ಕಳೆಯಿತು. ಅತ್ತೆ ಖಾಲಿ ಗೋಡೆಯನ್ನು ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದಾಗ ರಿಪೇರಿಯವರ ಫೋನು ಬಂತು. ಹತ್ತಿಯಕ್ಕ ಎತ್ತಿದಳು.

"ತಾಯಿ, ಒಂದು ಗೀರೂ ಬಿದ್ದಿಲ್ಲ. ರಿಪೇರಿಗಿಂತ ಬಿಚ್ಚೋದ್ರಲ್ಲೇ ಸುಸ್ತಾದೆ! ಈ ದಿಂಬು ಹೊಲಿದಿದ್ದು ಯಾರು?"

"ನಾನೇ."

"ನನ್ನ ಹತ್ರ ಅರ್ಧಕ್ಕರ್ಧ ಗಡಿಯಾರ ಪುಡಿಯಾಗೇ ಬರುತ್ವೆ. ನಮ್ಮ ಗಿರಾಕಿಗಳಿಗೆ ಇಂಥವನ್ನೇ ಹೊಲಿದು ಕೊಡ್ತೀರಾ?"

ಹತ್ತಿಯಕ್ಕನಿಗೆ ಖುಷಿಗೆ ಬಿಕ್ಕಳಿಕೆ ಹತ್ತಿತು. ಫೋನನ್ನು ಗಂಡನಿಗೆ ಕೊಟ್ಟಳು. ಅವನು ತಲೆಬುಡ ತಿಳಿಯದೆ ಹಾಂ ಹಾಂ ಎಂದ. ಅತ್ತೆ ಕಿತ್ತುಕೊಂಡರು. "ಕೊಡ್ತಾಳೆ, ಧಾರಾಳವಾಗಿ ಕೊಡ್ತಾಳೆ! ನನ್ನ ಗಡಿಯಾರ ಹೇಗಿದೆ, ಮೊದ್ಲು ಅದನ್ನ ಹೇಳಿ."

"ನೀವೇ ಕೇಳಿ."

ಮೂರು ತಲೆಗಳೂ ಫೋನಿಗೆ ಅಂಟಿಕೊಂಡವು. ಡಣ್, ಡಣ್ ಎಂದು ದೂರದಿಂದ ಗಂಟೆ ಹೊಡೆಯಿತು. ಅತ್ತೆ ಕಣ್ಣೊರೆಸಿಕೊಂಡು, "ಅದೇ ಕಣೇ, ಅದೇ ದನಿ!" ಎಂದು ತಿರುಗಿ ನೋಡಿದರೆ ಸೊಸೆ ಇರಲಿಲ್ಲ. ಕೆಳಗೆ ಅಂಗಡಿಯಲ್ಲಿ, ಬಿಕ್ಕಳಿಸುತ್ತಲೇ, ಬಟ್ಟೆ ಕತ್ತರಿಸುತ್ತಿದ್ದಳು.